ಪುಟ್ಟ ಪ್ಲೇಯರಿಗೆ ಎಷ್ಟು ಫ್ರೇಮ್ ಬೇಕು?

ವೀಡಿಯೊ ಎಂದರೆ ಒಂದರ ಹಿಂದೊಂದು ಬೇಗಬೇಗ ಮೂಡುವ ಸ್ಥಿರಚಿತ್ರಗಳ ಸಾಲು. ಸೆಕೆಂಡಿಗೆ ಇಂತಹ ಎಷ್ಟು ಚಿತ್ರಗಳು ಎನ್ನುವ ಲೆಕ್ಕವೇ ಫ್ರೇಮ್ ರೇಟ್. ಅಂಗೈಯಗಲದ ಮೀಡಿಯಾ ಪ್ಲೇಯರಿಗಾಗಿ ವೀಡಿಯೊ ಪರಿವರ್ತಿಸಲು ಹೊರಟರೆ ಕನ್ವರ್ಟರ್ ತಂತ್ರಾಂಶ ನಮ್ಮನ್ನು ಕೇಳುತ್ತದೆ: 12, 15, 24, 25, ಇಲ್ಲವೇ 30? ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಬಹಳಷ್ಟು ಜನ 30 ಆರಿಸಿಬಿಡುತ್ತಾರೆ. ಎಡವುವುದು ಅಲ್ಲೇ.

ಸಾಮಾನ್ಯವಾಗಿ ಸಿನಿಮಾ 24 ಫ್ರೇಮ್‌ಗಳಲ್ಲಿ ತಯಾರಾಗುತ್ತದೆ. ಪಾಲ್ ವ್ಯವಸ್ಥೆಯನ್ನು ಅನುಸರಿಸಿದ ಭಾರತದ ಟೀವಿಯದು 25, ಅಮೆರಿಕ ಮತ್ತು ಜಪಾನಿನದು 29.97. ನಮ್ಮ ಧಾರಾವಾಹಿಯ 25ನ್ನು 30 ಮಾಡಿದರೆ ಹೊಸ ಚಿತ್ರಗಳೇನೂ ಹುಟ್ಟುವುದಿಲ್ಲ. ಸಾಮಾನ್ಯ ಕನ್ವರ್ಟರ್ ಪ್ರತಿ ಐದು ಫ್ರೇಮ್‌ಗಳಲ್ಲಿ ಒಂದನ್ನು ಎರಡು ಬಾರಿ ತೋರಿಸುತ್ತದೆ, ಅಷ್ಟೇ. ಸ್ಪಷ್ಟತೆ ಹೆಚ್ಚುವುದಿಲ್ಲ. ಬದಲಿಗೆ ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಚಿತ್ರ ಮುಗ್ಗರಿಸಿದಂತೆ ಕಾಣುತ್ತದೆ. ಹಾಗಾಗಿ ಪ್ಲೇಯರಿಗೆ ಸಾಧ್ಯವಿದ್ದರೆ ಮೂಲದ ಫ್ರೇಮ್ ರೇಟನ್ನೇ ಉಳಿಸಿಕೊಳ್ಳಿ.

ಸಾಧ್ಯವಿಲ್ಲದಿದ್ದರೆ? ಸರಿಯಾಗಿ ಅರ್ಧ ಮಾಡಿ. 30ಕ್ಕೆ 15, 24ಕ್ಕೆ 12. ಒಂದು ಬಿಟ್ಟು ಒಂದು ಫ್ರೇಮ್ ಹೋಗುವುದರಿಂದ ಚಲನೆ ಸಮವಾಗಿಯೇ ಉಳಿಯುತ್ತದೆ. 25ರಿಂದ 15ಕ್ಕೆ ಇಳಿಸಿದಾಗ ಹೀಗಾಗುವುದಿಲ್ಲ. ಐದರಲ್ಲಿ ಮೂರನ್ನು ಉಳಿಸಬೇಕಾದ್ದರಿಂದ ಒಮ್ಮೆ ಫ್ರೇಮ್ ಹಾರುತ್ತದೆ, ಇನ್ನೊಮ್ಮೆ ಹಾರುವುದಿಲ್ಲ. ಇಲ್ಲಿ 12.5 ಉತ್ತಮ; ಆ ಆಯ್ಕೆ ಇಲ್ಲದಿದ್ದರೆ 12 ಇರಲಿ, ಸೆಕೆಂಡಿಗೊಮ್ಮೆ ಸಣ್ಣ ಜಿಗಿತವಷ್ಟೇ. ಕುಳಿತು ಮಾತನಾಡುವ ಉಪನ್ಯಾಸಕ್ಕೆ ಇಷ್ಟು ಧಾರಾಳ ಸಾಕು. ಯಕ್ಷಗಾನದ ಗಿರಕಿಗೆ ಖಂಡಿತ ಸಾಲದು!

ಫ್ರೇಮ್ ಕಡಿಮೆ ಮಾಡಿದರೆ ಫೈಲು ಎಷ್ಟು ಚಿಕ್ಕದಾಗುತ್ತದೆ ಎನ್ನುವುದು ವೀಡಿಯೊ ಮಾದರಿಯನ್ನು ಅವಲಂಬಿಸಿದೆ. ಅಗ್ಗದ 'ಎಂಪಿ4 ಪ್ಲೇಯರ್'ಗಳಲ್ಲಿದ್ದ ಎಎಂವಿ ಮಾದರಿಯಲ್ಲಿ ಪ್ರತಿ ಫ್ರೇಮ್ ಕೂಡ ಒಂದೊಂದು ಬಿಡಿ ಫೋಟೋ ಇದ್ದಂತೆ. ಫ್ರೇಮ್ ಅರ್ಧವಾದರೆ ಚಿತ್ರದ ಭಾಗದ ಗಾತ್ರವೂ ಹೆಚ್ಚುಕಡಿಮೆ ಅರ್ಧ. ಎಚ್.264 ಹಾಗಲ್ಲ. ಅದು ಹೆಚ್ಚಾಗಿ ಹಿಂದಿನ ಫ್ರೇಮಿಗೂ ಇಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡುತ್ತದೆ, ಆದ್ದರಿಂದ ಉಳಿತಾಯ ಕಡಿಮೆ. 2005ರ ವೀಡಿಯೊ ಐಪಾಡ್ ಕೂಡ 320×240 ಗಾತ್ರದ ಎಚ್.264 ವೀಡಿಯೊವನ್ನು 30 ಫ್ರೇಮ್‌ವರೆಗೆ ತೋರಿಸುತ್ತಿತ್ತು. ಇಂತಹ ಪ್ಲೇಯರಿಗೆ ಫ್ರೇಮ್ ಕತ್ತರಿಸುವುದಕ್ಕಿಂತ ಚಿತ್ರದ ಅಳತೆ ಇಳಿಸುವುದು ಲಾಭ: 640×480ರಿಂದ 320×240ಕ್ಕೆ ಬಂದರೆ ಪಿಕ್ಸೆಲ್‌ಗಳು ನಾಲ್ಕನೇ ಒಂದು ಭಾಗವಾಗುತ್ತವೆ.

ಅಂದಹಾಗೆ, ಮನುಷ್ಯನ ಕಣ್ಣು ಸೆಕೆಂಡಿಗೆ 24 ಚಿತ್ರಗಳನ್ನಷ್ಟೇ ನೋಡಬಲ್ಲದು ಎನ್ನುವುದು ನಿಜವಲ್ಲ. 24 ಎನ್ನುವುದು 1920ರ ದಶಕದ ಕೊನೆಯಲ್ಲಿ, ಸಿನಿಮಾಕ್ಕೆ ಮಾತು ಬಂದಾಗ, ಧ್ವನಿಯ ಗುಣಮಟ್ಟ ಮತ್ತು ಫಿಲ್ಮಿನ ಖರ್ಚು ಎರಡನ್ನೂ ತೂಗಿ ಮಾಡಿಕೊಂಡ ಹೊಂದಾಣಿಕೆ.

ಧ್ವನಿಯ ವಿಷಯದಲ್ಲೂ ಎಚ್ಚರ ಬೇಕು. 24 ಫ್ರೇಮಿನ ಸಿನಿಮಾವನ್ನು ಫ್ರೇಮ್ ಸೇರಿಸದೆ 25ರ ವೇಗದಲ್ಲಿ ಓಡಿಸಿದರೆ 150 ನಿಮಿಷದ ಚಿತ್ರ 144 ನಿಮಿಷಕ್ಕೇ ಮುಗಿಯುತ್ತದೆ. ಧ್ವನಿ ಹಳೆಯ ವೇಗದಲ್ಲೇ ಉಳಿದರೆ ತುಟಿಗೂ ಮಾತಿಗೂ ತಾಳಮೇಳ ತಪ್ಪಿದಂತೆಯೇ. 29.97ನ್ನು 30 ಎಂದು ಓಡಿಸಿದರೂ ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸವಾಗುತ್ತದೆ. ಇದು ಆರಂಭದ ದೃಶ್ಯದಲ್ಲಿ ಗೊತ್ತೇ ಆಗುವುದಿಲ್ಲ. ಆದ್ದರಿಂದ ಮೂಲ ಫೈಲನ್ನು ವಿಎಲ್‌ಸಿಯಲ್ಲಿ ತೆರೆದು, ಟೂಲ್ಸ್ ಮೆನುವಿನ ಕೋಡೆಕ್ ಮಾಹಿತಿಯಲ್ಲಿ ಫ್ರೇಮ್ ರೇಟ್ ನೋಡಿಕೊಳ್ಳಿ. ಪರಿವರ್ತಿಸಿದ ಮೇಲೆ ಚಿತ್ರದ ಕೊನೆಯ ಹತ್ತು ನಿಮಿಷದಲ್ಲಿ ಯಾರಾದರೂ ಮಾತನಾಡುವ ದೃಶ್ಯ ಹುಡುಕಿ, ತುಟಿ ಗಮನಿಸಿ.