ಪರಿಚಯದ ಚೀಟಿ

ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ಮೇಲಿನ ಮಹಡಿಯ ರಾಯರು ಒಂದು ಹಾಳೆ ಹಿಡಿದುಕೊಂಡು ಮನೆಗೆ ಬಂದರು. ಬ್ಯಾಂಕಿನಿಂದ ನಿವೃತ್ತರಾದ ರಾಯರಿಗೂ ಅವರ ಮನೆಯವರಿಗೂ ಇಂಗ್ಲೆಂಡಿನ ಪ್ರಯಾಣ ಹೊಸತಲ್ಲ. ಅಲ್ಲಿರುವ ಮಗಳ ಎರಡು ಬಾಣಂತನ ಮುಗಿಸಿ ಬಂದವರು. ಈ ಸಲ ಅವರ ಮನಸ್ಸಿನಲ್ಲಿದ್ದ ಯೋಜನೆ ಬೇರೆಯದು. ಮನೆಯ ಯಜಮಾನರು ಪ್ರವಾಸಕ್ಕೆ ಹೊರಟಾಗ ಅವರ ಮನೆಯಲ್ಲಿದ್ದು, ನಾಯಿಯನ್ನೋ ಬೆಕ್ಕನ್ನೋ ನೋಡಿಕೊಂಡು, ಗಿಡಗಳಿಗೆ ನೀರೆರೆದು, ಅವರು ಮರಳಿದ ಮೇಲೆ ಬೀಗದ ಕೈ ಒಪ್ಪಿಸಿ ಮುಂದಿನ ಊರಿಗೆ ಸಾಗುವುದು. ಬಾಡಿಗೆಯಿಲ್ಲ, ಸಂಬಳವೂ ಇಲ್ಲ. ಹೀಗೆ ತಿಂಗಳುಗಟ್ಟಲೆ ಯುರೋಪು ಸುತ್ತುವವರಿದ್ದಾರೆಂದು ಮಗಳು ತಿಳಿಸಿದ್ದಳಂತೆ. ಅದಕ್ಕೆ ಮೊಟ್ಟಮೊದಲು ಬೇಕಾದದ್ದು ‘ಇವರನ್ನು ನಂಬಬಹುದು’ ಎಂದು ಯಾರಾದರೂ ಬರೆದುಕೊಟ್ಟ ಮಾತು. ಕೆಳಮನೆಯ ಕಾಕೂ ಮರಾಠಿಯಲ್ಲಿ ಒಂದು ಪುಟ ಬರೆದುಕೊಟ್ಟಿದ್ದರು. ಅದನ್ನು ಇಂಗ್ಲಿಷಿಗೆ ತಿರುಗಿಸಿಕೊಡಬೇಕಾಗಿತ್ತು. ಇಂಗ್ಲಿಷ್ ಎಂ.ಎ. ಓದಿ ಕೇಂದ್ರ ಸರ್ಕಾರದ ಕಡತಗಳ ನಡುವೆ ಕುಳಿತ ನಮಗೆ ನೆರೆಹೊರೆಯವರು ಒಪ್ಪಿಸುವ ಸಾಹಿತ್ಯಸೇವೆ ಇಂಥದೇ.

ಹಾಳೆ ಮೇಜಿನ ಮೇಲೆ ಎರಡು ದಿನ ಉಳಿಯಿತು. ಡೊಂಬಿವಲಿಯಿಂದ ಥಾಣೆ, ಥಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿಯಲ್ಲಿ ಬೇಲಾಪುರ ಎಂಬ ನಿತ್ಯಪ್ರಯಾಣದಲ್ಲಿ ಅದರ ಬಗ್ಗೆಯೇ ಯೋಚಿಸಿದೆವು. ಅನ್ನ ಆಸರೆಗಳಿಗೆ ಬದಲಾಗಿ ದುಡಿಮೆ ಕೊಟ್ಟು ಪರಸ್ಥಳದಲ್ಲಿ ದಿನ ಕಳೆಯುವುದು ಹೊಸ ತಲೆಮಾರಿನ ಆವಿಷ್ಕಾರವೆಂದು ಕೇಳಿಬರುತ್ತದೆ. ಆದರೆ ನಾವು ದಿನವೂ ಹಾದುಹೋಗುವ ಈ ಊರುಗಳಲ್ಲಿ ಕನ್ನಡಿಗರು ನೆಲೆನಿಂತದ್ದು ಬಹುಪಾಲು ಅದೇ ದಾರಿಯಲ್ಲಿ.

ಬೋರಿಬಂದರಿನಿಂದ ಥಾಣೆಗೆ ರೈಲು ಓಡಿದ್ದು 1853ರಲ್ಲಿ, ಮರುವರ್ಷ ಅದು ಕಲ್ಯಾಣ ಮುಟ್ಟಿತು. ಕರಾವಳಿಯ ಹುಡುಗರು ಮುಂಬಯಿಗೆ ಬಂದದ್ದು ಹೆಚ್ಚಾಗಿ ಸಮುದ್ರಮಾರ್ಗದಲ್ಲಿ. ಮಳೆಗಾಲ ಬಂತೆಂದರೆ ಆ ಹಡಗುಗಳೂ ನಿಲ್ಲುತ್ತಿದ್ದವು. ಹಡಗಿಳಿದ ಹುಡುಗನ ಅಂಗಿಯ ಕಿಸೆಯಲ್ಲಿ ದುಡ್ಡಿಗಿಂತ ಮುಖ್ಯವಾದ ವಸ್ತು ಒಂದಿರುತ್ತಿತ್ತು: ಊರಿನ ಹಿರಿಯರೊಬ್ಬರು ಹೋಟೆಲಿನ ಯಜಮಾನರಿಗೆ ಬರೆದ ಚೀಟಿ. ‘ಈತ ಇಂಥವರ ಮಗ’ ಎಂಬ ಒಂದು ಸಾಲು ಸಾಕು. ಅದನ್ನು ತೋರಿಸಿದರೆ ಊಟ ಉಂಟು, ಹಗಲೆಲ್ಲ ಲೋಟ ತೊಳೆಯುವ ಕೆಲಸ ಉಂಟು, ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿಕೊಂಡು ಮಲಗುವ ಜಾಗವೂ ಉಂಟು. ಮಾಟುಂಗದಲ್ಲಿ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಹೆಸರುಗಳನ್ನು ಇಂದು ಎಲ್ಲರೂ ಬಲ್ಲರು. ಹೆಸರಿಲ್ಲದ ನೂರಾರು ಹೋಟೆಲುಗಳ ಹಿಂದಿನ ಕೋಣೆಗಳಲ್ಲಿ ಬೆಳೆದು, ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು, ಬ್ಯಾಂಕು ಕಚೇರಿಗಳನ್ನು ಸೇರಿದವರ ಮಕ್ಕಳೇ ಇಂದಿನ ಡೊಂಬಿವಲಿ, ನವಿಮುಂಬಯಿಗಳ ನಮ್ಮ ಸಭೆಗಳಲ್ಲಿ ಮೊದಲ ಸಾಲಿನಲ್ಲಿ ಕೂರುತ್ತಾರೆ. ಘಟ್ಟದ ಮೇಲೆ ಇದರ ಜೊತೆಗಾರ ಪದ್ಧತಿ ವಾರಾನ್ನ. ಅದರಲ್ಲಿ ಓದುವ ಹುಡುಗನಿಗೆ ವಾರದ ಏಳು ದಿನ ಏಳು ಮನೆಗಳ ಊಟ. ಅಲ್ಲಿಯೂ ಯಾರಾದರೂ ಮೊದಲು ಹೊಣೆ ನಿಂತು ಮಾತಾಡಬೇಕು.

ಈ ನೆನಪಿಗೆ ಹೆಚ್ಚು ಸಕ್ಕರೆ ಬೆರೆಸುವುದು ಬೇಡ. ಹೋಟೆಲಿನ ಹುಡುಗನ ಗುಣ ಹೇಳುವ ಚೀಟಿ ಇತ್ತು, ಯಜಮಾನನ ಗುಣ ಹೇಳುವ ಚೀಟಿ ಹುಡುಗನ ಕೈಯಲ್ಲಿರಲಿಲ್ಲ. ಏಟು ತಿಂದರೂ ಮಳೆ ನಿಂತು ಹಡಗು ಹೊರಡುವವರೆಗೆ ಕಾಯಬೇಕಾಗಿತ್ತು. ಜಾತಿ, ಊರು, ಮನೆತನ ಯಾವುದೂ ಚೀಟಿ ಬರೆಯುವವರ ಪರಿಚಯಕ್ಕೆ ಸಿಗದ ಹುಡುಗನಿಗೆ ಈ ಬಾಗಿಲು ತೆರೆಯುತ್ತಲೂ ಇರಲಿಲ್ಲ.

ಕಡಲಾಚೆ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದ್ದಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ಎಂಬ ಎಂಜಿನಿಯರು ಫ್ರಾನ್ಸಿನ ವರ್ಡನ್ ಬಳಿಯ ಎಸ್ನ್ ಎಂಬ ಹಾಳುಬಿದ್ದ ಹಳ್ಳಿಯನ್ನು ಮರಳಿ ಕಟ್ಟಲು ಹಲವು ದೇಶಗಳ ಸ್ವಯಂಸೇವಕರನ್ನು ಕರೆದೊಯ್ದರು. ಅವರಲ್ಲಿ ಜರ್ಮನರೂ ಇದ್ದರು. ಹಳ್ಳಿಯನ್ನು ಕೆಡವಿದವರ ದೇಶದವರು ಅದನ್ನು ಕಟ್ಟಲು ಬಂದದ್ದನ್ನು ಅಲ್ಲಿಯವರಿಂದ ಸಹಿಸಲಾಗಲಿಲ್ಲ. ಕೆಲವೇ ತಿಂಗಳಲ್ಲಿ ಶಿಬಿರ ಮುಚ್ಚಿತು. ಯಾರೂ ಅವರ ಪರವಾಗಿ ಹೊಣೆ ನಿಲ್ಲಲಿಲ್ಲವೆಂದು ನಮ್ಮ ಭಾಷೆಯಲ್ಲಿ ಹೇಳಬಹುದು. ಅದೇ ಸೆರೆಸೋಲ್ 1934ರ ಬಿಹಾರದ ಭೂಕಂಪದ ನಂತರ ಕೆಲವೇ ಜೊತೆಗಾರರೊಂದಿಗೆ ಭಾರತಕ್ಕೆ ಬಂದು ಹಳ್ಳಿಗಳ ಪುನರ್ನಿರ್ಮಾಣದಲ್ಲಿ ದುಡಿದರು. ಇಲ್ಲಿ ಬಾಗಿಲು ಮುಚ್ಚಲಿಲ್ಲ. 1931ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿದ್ದ ಗಾಂಧೀಜಿಗೆ ಅವರ ಪರಿಚಯವಿತ್ತು, ಬಿಹಾರದಲ್ಲಿ ರಾಜೇಂದ್ರ ಪ್ರಸಾದರ ಬೆಂಬಲವಿತ್ತು. ಇನ್ನೊಂದು ಮಹಾಯುದ್ಧದ ನಂತರ, 1949ರಲ್ಲಿ, ಡೆನ್ಮಾರ್ಕಿನಲ್ಲಿ ಮೊಳೆತ ಸರ್ವಾಸ್ ಎಂಬ ಬಳಗವಂತೂ ಚೀಟಿಯನ್ನೇ ಸಂಸ್ಥೆಯನ್ನಾಗಿಸಿತು. ಪ್ರಯಾಣಿಕನನ್ನು ಮೊದಲು ಮಾತಾಡಿಸಿ, ತಕ್ಕವನೆಂದು ಕಂಡರೆ ಪರಿಚಯಪತ್ರ ಕೊಡುವುದು. ಅದನ್ನು ಹಿಡಿದು ಹೋದವನಿಗೆ ಪರದೇಶದ ಮನೆಯಲ್ಲಿ ಸಾಮಾನ್ಯವಾಗಿ ಎರಡು ರಾತ್ರಿಯ ಆತಿಥ್ಯ, ಹಣದ ಮಾತಿಲ್ಲ.

ಇಂಥ ಯಾವ ಪತ್ರವೂ ಇಲ್ಲದೆ ಹೊರಟ ಇಬ್ಬರ ಕಥೆ ಶುರುವಾಗುವುದು ನಮ್ಮ ಬೆಂಗಳೂರಿನ ಒಂದು ಕಾಫಿ ಹೋಟೆಲಿನಲ್ಲಿ. ವಿನೋಬಾ ಭಾವೆಯವರ ಅನುಯಾಯಿಗಳಾಗಿದ್ದ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ 1961ರಲ್ಲಿ ಅಲ್ಲಿ ಪತ್ರಿಕೆ ಓದುತ್ತಿದ್ದರು. ಅಣ್ವಸ್ತ್ರವನ್ನು ವಿರೋಧಿಸಿದ್ದಕ್ಕಾಗಿ 89 ವರ್ಷದ ಬರ್ಟ್ರಂಡ್ ರಸೆಲ್ ಲಂಡನ್ನಿನಲ್ಲಿ ಸೆರೆಮನೆ ಸೇರಿದ ಸುದ್ದಿ ಅದರಲ್ಲಿತ್ತು. ಆ ವಯಸ್ಸಿನ ವೃದ್ಧ ಸೆರೆಮನೆಗೆ ಹೋಗುವಾಗ ಯುವಕರಾದ ತಾವು ಕಾಫಿ ಕುಡಿಯುತ್ತ ಕುಳಿತಿದ್ದೇವಲ್ಲ ಎಂಬ ನಾಚಿಕೆಯಿಂದ ಅಣ್ವಸ್ತ್ರವುಳ್ಳ ನಾಲ್ಕು ದೇಶಗಳ ರಾಜಧಾನಿಗಳಿಗೆ ನಡೆದೇ ಹೋಗುವ ಸಂಕಲ್ಪ ಹುಟ್ಟಿತು. ಆಶೀರ್ವಾದ ಕೇಳಿದಾಗ ವಿನೋಬಾ ಎರಡು ಶರತ್ತು ಹಾಕಿದರು: ಸಸ್ಯಾಹಾರ ಬಿಡಕೂಡದು, ಕೈಯಲ್ಲಿ ಕಾಸಿರಕೂಡದು. ಕಾಸಿದ್ದರೆ ದಣಿದು ಬಂದ ಸಂಜೆ ಯಾವುದೋ ವಸತಿಗೃಹ ಹುಡುಕಿ ಮಲಗಿಬಿಡುತ್ತೀರಿ, ಯಾರನ್ನೂ ಮಾತಾಡಿಸುವುದಿಲ್ಲ. ಇಲ್ಲದಿದ್ದರೆ ಯಾರದಾದರೂ ಬಾಗಿಲು ತಟ್ಟಲೇಬೇಕಾಗುತ್ತದೆ ಎಂಬುದು ಅವರ ವಿಚಾರವಾಗಿತ್ತು.

1962ರ ಜೂನ್ 1ರಂದು ದೆಹಲಿಯ ರಾಜಘಾಟಿನಿಂದ ಇಬ್ಬರೂ ಹೊರಟರು. ಪಾಕಿಸ್ತಾನದ ಗಡಿಯಲ್ಲಿ ಬೀಳ್ಕೊಡಲು ಬಂದವರೊಬ್ಬರು ಬುತ್ತಿ ಕಟ್ಟಿಕೊಟ್ಟರೆ ಅದನ್ನೂ ಒಪ್ಪಲಿಲ್ಲ. ಬುತ್ತಿ ಹೊತ್ತುಹೋಗುವುದೆಂದರೆ ಮುಂದಿನವರನ್ನು ನಂಬದೆ ಹೋದಂತೆ ಎಂದರು. ಗಡಿ ದಾಟಿದರೆ, ಇವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದ ಲಾಹೋರಿನವರೊಬ್ಬರು ಕಾದಿದ್ದರು. ಚೀಟಿಯಿಲ್ಲದವರಿಗೆ ವೃತ್ತಪತ್ರಿಕೆಯೇ ಚೀಟಿಯಾಯಿತು. ಅಫ್ಘಾನಿಸ್ತಾನ, ಇರಾನ್, ಸೋವಿಯತ್ ದೇಶ. ಜಾರ್ಜಿಯದಲ್ಲಿ ಚಹಾ ಕಾರ್ಖಾನೆಯ ಹೆಂಗಸರು ನಾಲ್ಕು ಪೊಟ್ಟಣ ಚಹಾಪುಡಿ ಕೊಟ್ಟು, ನಾಲ್ಕು ದೇಶಗಳ ನಾಯಕರಿಗೆ ಒಂದೊಂದು ತಲುಪಿಸಲು ಹೇಳಿದರು. ಬಾಂಬಿನ ಗುಂಡಿ ಒತ್ತುವ ಯೋಚನೆ ಬಂದಾಗ ಮೊದಲು ಇದನ್ನು ಕಾಯಿಸಿ ಕುಡಿಯಲಿ ಎಂಬ ಸಂದೇಶದೊಂದಿಗೆ. ಪ್ಯಾರಿಸ್ಸಿನಲ್ಲಿ ಅವರಿಗೆ ಸಿಕ್ಕ ವಸತಿ ಸೆರೆಮನೆಯದು. ಇಂಗ್ಲೆಂಡಿನಲ್ಲಿ ರಸೆಲ್ಲರನ್ನು ಕಂಡು, ಅವರ ನೆರವಿನಿಂದ ಹಡಗು ಹತ್ತಿ, 1964ರ ಜನವರಿಯಲ್ಲಿ ವಾಷಿಂಗ್ಟನ್ ತಲುಪಿದರು. ಸುಮಾರು 8,000 ಮೈಲಿಯ ಯಾತ್ರೆ. ಮೆನನ್ ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು. ಸತೀಶ್ ಕುಮಾರ್ ಇಂಗ್ಲೆಂಡಿನಲ್ಲಿ ಉಳಿದು ಪತ್ರಿಕೆ ಸಂಪಾದಿಸಿದರು, 1978ರಲ್ಲಿ ಆತ್ಮಕಥೆ ಪ್ರಕಟಿಸಿದರು.

ಆ ಕಾಲದಲ್ಲಿ ಸಾಮಾನ್ಯ ಭಾರತೀಯನಿಗೆ ಪಾಸ್‌ಪೋರ್ಟ್ ಸರ್ಕಾರ ಕೃಪೆಮಾಡಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ವಿದೇಶಪ್ರಯಾಣ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸರ್ವೋಚ್ಚ ನ್ಯಾಯಾಲಯ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಹೇಳಿದ್ದು 1967ರಲ್ಲಿ. ಪಾಸ್‌ಪೋರ್ಟ್ ಕಾಯಿದೆ ಬಂದದ್ದು ಅದೇ ವರ್ಷ, ಆ ತೀರ್ಪಿನ ಬೆನ್ನಿಗೇ. ಟಿಕೆಟಿಗೆ ರಿಸರ್ವ್ ಬ್ಯಾಂಕಿನ ‘ಪಿ ಫಾರಂ’ ಬೇಕಿತ್ತು. ಎಂಟು ಡಾಲರ್ ಕಿಸೆಯಲ್ಲಿಟ್ಟುಕೊಂಡು ಅಮೆರಿಕಕ್ಕೆ ಹೋದವರ ಕಥೆಗಳನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಪಶ್ಚಿಮದ ಯುವಕರಿಗೆ ಮಿತವ್ಯಯದ ಪ್ರವಾಸ ಒಂದು ಆಯ್ಕೆ. ನಮ್ಮವರಿಗೆ ಅದು ಕಾನೂನೇ ವಿಧಿಸಿದ ಶಿಸ್ತು.

ಲಂಡನ್ನಿನ ಕಾರ್ಯದರ್ಶಿನಿ ಸೂ ಕೋಪರ್ಡ್ 1971ರಲ್ಲಿ ನಗರವಾಸಿಗಳನ್ನು ವಾರಾಂತ್ಯಕ್ಕೆ ಸಾವಯವ ಹೊಲಗಳಿಗೆ ಕರೆದೊಯ್ಯುವ ಏರ್ಪಾಡು ಮಾಡಿದರು. ದಿನದ ಅರ್ಧ ಹೊಲದ ಕೆಲಸ, ಪ್ರತಿಯಾಗಿ ಊಟ ಮತ್ತು ಹಾಸಿಗೆ. ‘ವೂಫ್’ ಎಂಬ ಹೆಸರಿನಲ್ಲಿ ಅದು ಲೋಕವೆಲ್ಲ ಹಬ್ಬಿತು. ರಾಯರ ಮಗಳು ಹೇಳಿದ ಪ್ರಾಣಿಪಾಲನೆಯ ವ್ಯವಸ್ಥೆ ಇದರ ಕಿರಿಯ ತಂಗಿ. ಅವುಗಳಲ್ಲಿ ಹೆಸರಾದ ಟ್ರಸ್ಟೆಡ್ ಹೌಸ್‌ಸಿಟರ್ಸ್ ಆರಂಭವಾದದ್ದು 2010ರಲ್ಲಿ, ಬ್ರೈಟನ್ನಿನಲ್ಲಿ. ಇಲ್ಲಿ ಒಂದು ಸುಧಾರಣೆಯನ್ನು ಒಪ್ಪಬೇಕು. ಬಂದವರ ಬಗ್ಗೆ ಮನೆಯವರು ಬರೆಯುವಂತೆ ಮನೆಯವರ ಬಗ್ಗೆ ಬಂದವರೂ ಬರೆಯುತ್ತಾರೆ. ಹೋಟೆಲಿನ ಹುಡುಗನಿಗೆ ಇಲ್ಲದಿದ್ದ ಚೀಟಿ ಅದು.

ಆದರೆ ಮನೆಯ ಬಾಗಿಲಿಗಿಂತ ಮೊದಲು ದೇಶದ ಬಾಗಿಲೊಂದಿದೆ, ಅಲ್ಲಿ ಕಾಕೂ ಬರೆದ ಮಾತು ನಡೆಯದು. ಬ್ರಿಟನ್ನಿನ ಸಂದರ್ಶಕ ವೀಸಾದ ಮೇಲೆ ಸ್ವಯಂಸೇವೆಗೆ ಅವಕಾಶವಿರುವುದು ಒಟ್ಟು 30 ದಿನ, ಅದೂ ನೋಂದಾಯಿತ ಧರ್ಮಾರ್ಥ ಸಂಸ್ಥೆಗೆ. 2022ರಲ್ಲಿ ಬೆಕ್ಕು ನೋಡಿಕೊಳ್ಳಲು ಹೊರಟಿದ್ದ ಆಸ್ಟ್ರೇಲಿಯದ ಮಹಿಳೆಯೊಬ್ಬರನ್ನು ಲಾಸ್ ಏಂಜಲೀಸಿನ ವಿಮಾನನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಿದರು. ಹಣ ಪಡೆಯದಿದ್ದರೇನು, ವಸತಿಯೇ ಕೂಲಿಯಾಯಿತು ಎಂಬುದು ಅಲ್ಲಿನ ಲೆಕ್ಕ. ವೀಸಾ ವಿನಾಯಿತಿಯ ದೇಶದವರ ಪಾಡೇ ಹೀಗಾದರೆ, ಬ್ಯಾಂಕಿನ ಖಾತೆ, ನಿವೃತ್ತಿವೇತನದ ಆದೇಶ, ಮನೆಯ ಪತ್ರ ಎಲ್ಲವನ್ನೂ ಮುಂದಿಟ್ಟು ‘ಮರಳಿ ಬರುತ್ತೇವೆ’ ಎಂದು ಸಾಬೀತುಪಡಿಸಬೇಕಾದ ನಮ್ಮವರ ಗತಿ ಹೇಳಬೇಕಾಗಿಲ್ಲ. ಕಾಸಿಲ್ಲದೆ ಎಂಟು ಸಾವಿರ ಮೈಲಿ ನಡೆದವರು ಇಂದು ಅರ್ಜಿಯ ಎರಡನೆಯ ಪುಟ ದಾಟಲಾರರು.

ನಾವೂ ಬೇರೆಯವರಲ್ಲ. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಬಾಡಿಗೆದಾರ ಬಂದರೆ ಪೊಲೀಸ್ ಠಾಣೆಗೆ ಕಾಗದ ಹೋಗಬೇಕು. ತಿಂಗಳು ನಿಲ್ಲುವ ನೆಂಟನನ್ನು ಕಂಡರೂ ಸೆಕ್ರೆಟರಿ ಹುಬ್ಬೇರಿಸುತ್ತಾರೆ. ಕೇಂದ್ರ ನೌಕರರ 1964ರ ನಡತೆ ನಿಯಮಗಳ ಪ್ರಕಾರ ಪರರ ಬೆಕ್ಕಿಗೆ ಹಾಲು ಹಾಕುವುದು ‘ಅನ್ಯ ಉದ್ಯೋಗ’ವಾಗುತ್ತದೆಯೇ ಎಂದು ನಾವು ಒಂದು ಸಂಜೆ ಗಂಭೀರವಾಗಿ ಪರಿಶೀಲಿಸಿದ್ದುಂಟು. ಗಳಿಕೆ ರಜೆ ಮುನ್ನೂರು ದಿನದವರೆಗೆ ಕೂಡಿಡಬಹುದು. ಎಲ್‌ಟಿಸಿ ದೇಶದ ಗಡಿಯಲ್ಲಿ ನಿಲ್ಲುತ್ತದೆ.

ರಾಯರಿಗೆ ನಾವು ಹೇಳಿದ್ದು ಇಷ್ಟೇ: ವೀಸಾ ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬೇಡಿ, ನಿಯಮ ಒಪ್ಪದಿದ್ದರೆ ಮಗಳ ಮನೆಯಲ್ಲೇ ಇದ್ದು ಬನ್ನಿ. ಅವರ ಮನೆಯವರು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದರು. “ಅಲ್ರೀ, ಎರಡು ಸಲ ಹೋಗಿ ಆರಾರು ತಿಂಗಳು ಅಡಿಗೆ ಮಾಡಿದೆ, ಕೂಸು ಎರಕೊಂಡೆ, ಆಗ ಯಾರೂ ಕೆಲಸ ಅನ್ನಲಿಲ್ಲ. ಬೆಕ್ಕಿಗೆ ಅನ್ನ ಹಾಕಿದರ ಕೆಲಸ ಆಗತೈತೇನು?” ಎಂದರು. ನಮ್ಮ ನಿಯಮಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಡೊಂಬಿವಲಿ, ಥಾಣೆಗಳ ಎಷ್ಟೋ ಮನೆಗಳ ಅಜ್ಜಿಯರು ಕಂಡ ವಿದೇಶ, ಅಡುಗೆಮನೆಯ ಕಿಟಕಿಯಿಂದ ಕಾಣುವಷ್ಟೇ ವಿದೇಶ. ಆ ತಾಯಿಗೆ ಈ ಯೋಜನೆಯಲ್ಲಿ ಹಿಡಿಸಿದ್ದು ಉಚಿತ ವಸತಿಗಿಂತಲೂ, ಬೆಕ್ಕಿಗೆ ಎರಡು ಹೊತ್ತು ಹಾಕಿದರೆ ಉಳಿದ ಹಗಲೆಲ್ಲ ತನ್ನದಾಗುತ್ತದೆ ಎಂಬುದು.

ಮಂಗಳವಾರ ರಾತ್ರಿ ಕಾಕೂ ಬರೆದದ್ದನ್ನು ಅನುವಾದಕ್ಕೆ ತೆಗೆದುಕೊಂಡೆವು. ನಾಸಿಕದಲ್ಲಿರುವ ಮಗಳ ಬಾಣಂತನಕ್ಕೆ ಹೋದಾಗ ಮೂರು ತಿಂಗಳು ತಮ್ಮ ಬೆಕ್ಕು ‘ಮನಿ’ಯನ್ನು ಇವರು ನೋಡಿಕೊಂಡರು, ಮೊದಲೆರಡು ದಿನ ಅದು ಏನನ್ನೂ ಮುಟ್ಟಲಿಲ್ಲ, ಮೂರನೆಯ ದಿನ ಮೊಸರನ್ನ ತಿಂದಿತು, ಮನೆಯ ಕೀಲಿ ಈಗಲೂ ಇವರ ಬಳಿಯೇ ಇದೆ ಎಂದೆಲ್ಲ ಬರೆದಿದ್ದರು. ಕೊನೆಯ ಸಾಲು ದೂರಿನಂತಿತ್ತು: ತಾವು ಮರಳಿ ಬಂದ ಮೇಲೆ ಒಂದು ವಾರ ಮನಿ ತಮ್ಮ ಹತ್ತಿರ ಬರಲೇ ಇಲ್ಲ, ಮೇಲಿನ ಮನೆಯ ಬಾಗಿಲಲ್ಲೇ ಕೂತಿರುತ್ತಿತ್ತು. ಆ ಸಾಲು ತೆಗೆದುಬಿಡಿ, ತಪ್ಪಾಗಿ ತಿಳಿದಾರು ಎಂದು ರಾಯರು ಮತ್ತೆ ಮತ್ತೆ ಹೇಳಿದ್ದರು. ಬರೆದದ್ದು ಬರೆದಂತೆಯೇ ಹೋಗಬೇಕು ಎಂದು ಕಾಕೂ ಹಟ ಹಿಡಿದಿದ್ದರು. ನಾವು ಅದನ್ನು ಹಾಗೆಯೇ ಉಳಿಸಿದೆವು.