ಮನಿ ನಕ್ಷಾ ಬರದ ಹಳೇ ಆಟೋಕ್ಯಾಡ್

ಮನಿ ಕಟ್ಟಸೋ ಮುಂದ ನಾವು ಅಡಗಿಮನಿ ಎಲ್ಲೆ, ದೇವರಮನಿ ಎಲ್ಲೆ ಅಂತ ನೋಡ್ತೀವಿ. ಆದ್ರ ಆ ನಕ್ಷಾ ಬರಿಯೋ ಸಾಫ್ಟ್‌ವೇರಿಗೂ ಒಂದ ಇತಿಹಾಸ ಅದ ನೋಡ್ರಿ.

ಅಮೆರಿಕಾದ ಆಟೋಡೆಸ್ಕ್ ಕಂಪನಿ ಆಟೋಕ್ಯಾಡ್ ಮಾರಲಿಕ್ಕೆ ಶುರು ಮಾಡಿದ್ದು 1982ರಾಗ. ಟೇಬಲ್ ಮ್ಯಾಲಿನ ಸಣ್ಣ ಕಂಪ್ಯೂಟರಿನಾಗ ಅದು ನಡೀತಿತ್ತು, ಅದೇ ಅದರ ದೊಡ್ಡಸ್ತಿಕೆ. ಗ್ವಾಡಿ ಒಂದ 'ಲೇಯರ್'ನಾಗ, ವಾಯರಿಂಗ್ ಇನ್ನೊಂದರಾಗ, ನಳದ ಪೈಪು ಮತ್ತೊಂದರಾಗ. ಬ್ಯಾಡಾದದ್ದನ್ನ ಮುಚ್ಚಿಡಬಹುದು. ಬಾಗಲಾ ಒಮ್ಮೆ ಬರದು 'ಬ್ಲಾಕ್' ಮಾಡಿಟ್ರ ಮುಗೀತು, ಗೌರಿ ಹುಣ್ಣಿವಿ ಸಕ್ಕರಿ ಆರತಿ ಅಚ್ಚಿದ್ದಂಗ, ಬೇಕಾದಷ್ಟು ತಗೀಬಹುದು.

ತ್ರಾಸ ಬಂದದ್ದು ಹೊಸಾದಕ್ಕ ಬದಲಾಗೋ ಮುಂದ. 1992ರ 'ರಿಲೀಸ್ 12' ಡಾಸ್ ಮ್ಯಾಲೆ ಚಲೋ ಓಡ್ತಿತ್ತು. 1994ರ 13 ನಿಧಾನ, ದೋಷನೂ ಭಾಳ. ಹಿಂಗಾಗಿ ಎಷ್ಟೋ ಮಂದಿ 12 ಬಿಡಲೇ ಇಲ್ಲ. 1997ರ 14 ಬಂದಾಗ ಡಾಸ್ ಹೋತು, ವಿಂಡೋಸ್ ಇದ್ರಷ್ಟ ಕೆಲಸ. ಹಳೇ ಕಂಪ್ಯೂಟರ್ ಇದ್ದವ್ರು ಅದನ್ನೂ ಬದಲಸಬೇಕಾತು.

ಇನ್ನ ಫೈಲಿನ ಕಥಿ. ಆಟೋಕ್ಯಾಡಿನ 'ಡಿಡಬ್ಲ್ಯೂಜಿ' ಫೈಲಿನ ರೂಪ ಕೆಲವು ವರ್ಷಕ್ಕೊಮ್ಮೆ ಬದಲಾಗ್ತದ. ಹೊಸಾ ಆವೃತ್ತಿ ಹಳೇ ಫೈಲ್ ತಗೀತದ, ಹಳೇದು ಹೊಸಾದ್ದನ್ನ ತಗ್ಯೂದಿಲ್ಲ. ಅದಕ್ಕ ಹಳೇ ರೂಪದಾಗ ಉಳಿಸಿ ಕೊಡಬೇಕು, ಇಲ್ಲಾ ಬ್ಯಾರೆ ಸಾಫ್ಟ್‌ವೇರೂ ಓದೋ 'ಡಿಎಕ್ಸ್‌ಎಫ್' ಮಾಡಬೇಕು.

ನಮಗ್ಯಾಕ ಇದೆಲ್ಲಾ ಅಂತೀರಿ? ಇಪ್ಪತ್ತ ವರ್ಷದ ಮ್ಯಾಲೆ ಬಚ್ಚಲದ ಗ್ವಾಡಿ ಕೊರಿಯೋ ಮುಂದ ಪೈಪ್ ಎಲ್ಲದ ಅಂತ ಹೇಳೂದು ಆ ನಕ್ಷಾನ. ಮನಿ ಮಂದಿಗಿಂತ ಗಟ್ಟಿ, ಸಾಫ್ಟ್‌ವೇರ್ ಅಷ್ಟಲ್ಲ. ಅದಕ್ಕ ನಾ ಹೇಳೂದಿಷ್ಟ: ಇಂಜಿನಿಯರ್ ಕಡೆ ಫೈಲ್ ಜೋಡಿ ಪಿಡಿಎಫ್‌ನೂ ಇಸ್ಕೋರಿ, ಒಂದ ಕಾಗದದ ಪ್ರತಿ ಮನಿ ಪತ್ರದ ಜೋಡಿ ಟ್ರೆಝರಿಯೊಳಗ ಇಡ್ರಿ.