ಮೈಗ್ರೇನಿನ ಕಾರಣ, ಮೈಗ್ರೇನಿನ ನೆಪ: ಪುಟ್ಟೇನಹಳ್ಳಿಯ ನೆಲೆಯಿಂದ ಒಂದು ವಿಚಾರ

ಮೈಗ್ರೇನ್ ಪೇಟೆಯವರ ಕಾಯಿಲೆ, ಕಂಪ್ಯೂಟರ್ ಮುಂದೆ ಕೂರುವವರ ಕಾಯಿಲೆ ಎಂಬ ನಂಬಿಕೆ ಬೆಂಗಳೂರಿನಲ್ಲಿ ಬಲವಾಗಿ ಬೇರೂರಿದೆ. ಹೆಬ್ಬಾಳದ ಮೇಲ್ಸೇತುವೆಯ ವಾಹನದಟ್ಟಣೆ, ರಾತ್ರಿಪಾಳಿ, ಮೊಬೈಲ್ ಪರದೆ ಇವೇ ತಲೆನೋವಿನ ಮೂಲವೆಂದು ಹೇಳುವವರು ಬಹಳ. ಇದನ್ನು ಅಲ್ಲಗಳೆಯುವ ಅಂಕಿಅಂಶ ಇದೇ ಊರಿನಲ್ಲಿ ಸಿದ್ಧವಾಗಿ ಹತ್ತು ವರ್ಷ ದಾಟಿದೆ. ನಿಮ್ಹಾನ್ಸ್‌ನ ಗಿರೀಶ್ ಕುಲಕರ್ಣಿ, ಗಿರೀಶ್ ರಾವ್, ಜಿ. ಗುರುರಾಜ್ ಅವರು ನಾರ್ವೆಯ ಸ್ಟೋವ್ನರ್ ಮತ್ತು ಸ್ಟೈನರ್ ಅವರೊಡನೆ ಸೇರಿ ಬೆಂಗಳೂರು ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ನಡೆಸಿದರು. 18ರಿಂದ 65 ವಯಸ್ಸಿನ 2,329 ಜನರನ್ನು ಮಾತನಾಡಿಸಿದ ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ವಯೋಮಾನಕ್ಕೆ ಹೊಂದಿಸಿ ಲೆಕ್ಕ ಹಾಕಿದಾಗ, ವರ್ಷದೊಳಗೆ ಮೈಗ್ರೇನ್ ಅನುಭವಿಸಿದವರು ಶೇ. 25.2ರಷ್ಟು. ಆಗ ಜಗತ್ತಿನ ಸರಾಸರಿ ಅಂದಾಜು ಶೇ. 14.7. ಮೈಗ್ರೇನಿನ ಸಾಧ್ಯತೆ (ಆಡ್ಸ್ ಲೆಕ್ಕದಲ್ಲಿ) ಗಂಡಸರಿಗಿಂತ ಹೆಂಗಸರಲ್ಲಿ 2.1 ಪಟ್ಟು, ನಗರದವರಿಗಿಂತ ಹಳ್ಳಿಯವರಲ್ಲಿ 1.5 ಪಟ್ಟು ಇತ್ತು.

ಹಳ್ಳಿಯಲ್ಲಿ ಹೆಚ್ಚು ಎಂಬ ಈ ಮಾತನ್ನು ಪುಟ್ಟೇನಹಳ್ಳಿಯಲ್ಲಿ ನಿಂತು ಓದಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಯಲಹಂಕದ ಪಕ್ಕದ ಈ ಊರಿಗೆ ಕೆರೆಯಿದೆ, ಕೆರೆಗೆ ಬರುವ ಹಕ್ಕಿಗಳಿವೆ, ಹಳೆಯ ಊರಿನ ಮನೆಗಳಿವೆ. ಅವುಗಳ ಸುತ್ತ ಬಡಾವಣೆ, ಅಪಾರ್ಟ್‌ಮೆಂಟು ಬೆಳೆದಿವೆ. ಯಲಹಂಕ ನಗರಸಭೆ ಬಿಬಿಎಂಪಿಯೊಳಗೆ ಸೇರಿದ್ದು 2007ರಲ್ಲಿ. ಇಂಥ ಕಡೆ ಕೋಳಿ ಕೂಗುವ ಹೊತ್ತಿಗೆ ಎದ್ದು ಬಾಗಿಲು ಸಾರಿಸುವ ಹೆಂಗಸು, ಅದೇ ಹೊತ್ತಿಗೆ ರಾತ್ರಿಪಾಳಿ ಮುಗಿಸಿ ಕ್ಯಾಬಿನಿಂದ ಇಳಿಯುವ ಹುಡುಗಿ ಒಂದೇ ಮನೆಯವರಿರಬಹುದು. ಇವರಲ್ಲಿ ಯಾರು ಹಳ್ಳಿಯವರು, ಯಾರು ನಗರದವರು? ನನ್ನ ವಾದ ಇಷ್ಟು: ಮೈಗ್ರೇನಿನ ಕಾರಣ ಮಿದುಳಿನಲ್ಲಿದೆ, ಊರಿನಲ್ಲಿಲ್ಲ. ಊರು, ಮನೆ, ಕಟ್ಟುಪಾಡು ಒದಗಿಸುವುದು ನೆಪಗಳನ್ನು. ಆ ನೆಪಗಳು ನಮ್ಮ ಮನೆಗಳಲ್ಲಿ ಒಂದರ ಮೇಲೊಂದು ಬಂದು ಕೂರುವ ಬಗೆಯನ್ನು ನೋಡದೆ ಕಾಯಿಲೆ ಅರ್ಥವಾಗದು, ಚಿಕಿತ್ಸೆಯೂ ಸಾಗದು.

ಮೊದಲು ಕಾರಣದ ಮಾತು. ಕಳೆದ ಶತಮಾನದ ಬಹುಕಾಲ, ಅಮೆರಿಕದ ಹೆರಾಲ್ಡ್ ವೂಲ್ಫ್ ಅವರ ಪ್ರಭಾವದಿಂದ, ತಲೆಯ ರಕ್ತನಾಳ ಹಿಗ್ಗುವುದೇ ಈ ನೋವಿನ ಮೂಲ ಎಂದು ವೈದ್ಯರು ನಂಬಿದ್ದರು. ಆದರೆ 1941ರಲ್ಲೇ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ, ನೋವಿಗೆ ಮುಂಚೆ ತಮ್ಮ ಕಣ್ಣೆದುರು ಮೂಡಿ ಹರಡುತ್ತಿದ್ದ ಅಂಕುಡೊಂಕು ಗೆರೆಗಳನ್ನು ಅಳೆದು, ಮಿದುಳಿನ ದೃಷ್ಟಿಭಾಗದ ಮೇಲೆ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸರಿಯುತ್ತಿದೆ ಎಂದು ಬರೆದಿದ್ದರು. 1944ರಲ್ಲಿ ಬ್ರೆಜಿಲ್‌ನ ಲೆಯಾವ್ ಮೊಲದ ಮಿದುಳಿನಲ್ಲಿ ಅಂಥದೇ ನಿಧಾನ ಅಲೆಯನ್ನು ಕಂಡರು. ಮುಖ ಮತ್ತು ಮಿದುಳಿನ ಪೊರೆಯ ನೋವನ್ನು ಒಯ್ಯುವ ಟ್ರೈಜೆಮಿನಲ್ ನರದ ತುದಿಗಳಿಂದ ಸಿಜಿಆರ್‌ಪಿ ಎಂಬ ಪೆಪ್ಟೈಡ್ ಹೊಮ್ಮುತ್ತದೆ, ಮೈಗ್ರೇನ್ ಬಂದ ಹೊತ್ತಿನಲ್ಲಿ ಕತ್ತಿನ ರಕ್ತದಲ್ಲಿ ಅದು ಏರಿರುತ್ತದೆ ಎಂದು ಗೋಡ್ಸ್‌ಬಿ ಮತ್ತು ಎಡ್ವಿನ್ಸನ್ 1990ರಲ್ಲಿ ತೋರಿಸಿದರು. ಈ ದಾರಿಯ ಸಂಶೋಧನೆಗಾಗಿ ಅವರಿಬ್ಬರ ಜೊತೆ ಮಾಸ್ಕೊವಿಟ್ಜ್ ಮತ್ತು ಓಲೆಸನ್ ಅವರಿಗೆ 2021ರ ಬ್ರೈನ್ ಪ್ರೈಜ್ ಸಂದಿತು. 2022ರಲ್ಲಿ ಲಕ್ಷಕ್ಕೂ ಹೆಚ್ಚು ರೋಗಿಗಳ ವಂಶವಾಹಿ ಪರಿಶೀಲಿಸಿದಾಗ ಮೈಗ್ರೇನಿಗೆ ನಂಟಿರುವ 123 ತಾಣಗಳು ಸಿಕ್ಕವು. ಅಮ್ಮನಿಗಿತ್ತು, ಮಗಳಿಗೂ ಬಂತು ಎಂದು ಮನೆಯ ಹಿರಿಯರು ಹೇಳುವುದರಲ್ಲಿ ಹುರುಳಿದೆ.

ನಮ್ಮ ಚರ್ಚೆಗೆ ಇದಕ್ಕಿಂತಲೂ ಮುಖ್ಯವಾದದ್ದು ಹ್ಯಾಂಬರ್ಗ್‌ನ ಶುಲ್ಟೆ ಮತ್ತು ಮೈ ಅವರ 2016ರ ಪ್ರಯೋಗ. ಅವರು ಒಬ್ಬ ರೋಗಿಯ ಮಿದುಳನ್ನು 30 ದಿನ ಪ್ರತಿದಿನವೂ ಸ್ಕ್ಯಾನ್ ಮಾಡಿದರು. ನೋವು ಶುರುವಾಗುವ ಹಿಂದಿನ 24 ತಾಸುಗಳಲ್ಲೇ, ಹಸಿವು, ನಿದ್ದೆ, ಹಾರ್ಮೋನುಗಳನ್ನು ನಿಯಂತ್ರಿಸುವ ಹೈಪೊಥಾಲಮಸ್‌ನ ಚಟುವಟಿಕೆ ಬದಲಾಗಿತ್ತು. ಇದರ ಫಲಿತಾರ್ಥ ದೊಡ್ಡದು. ಹಿಂದಿನ ದಿನವೇ ಆಕಳಿಕೆ ಬರುವುದು, ಸಿಹಿ ತಿನ್ನಬೇಕೆನಿಸುವುದು, ಕತ್ತು ಬಿಗಿಯುವುದು, ಬೆಳಕು ಚುಚ್ಚುವುದು, ಇವೆಲ್ಲ ದಾಳಿ ಆಗಲೇ ಮೊದಲಾಗಿರುವ ಸೂಚನೆ ಇರಬಹುದು. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಮಾರ್ಚಿಯ ಬಿಸಿಲಿಗೆ ಬಸ್ಸು ಕಾದು ನಿಂತವಳು ‘ಬಿಸಿಲು ತಾಕಿ ತಲೆನೋವು ಬಂತು’ ಎನ್ನುತ್ತಾಳೆ. ದಾಳಿ ಒಳಗೊಳಗೇ ಶುರುವಾಗಿದ್ದರಿಂದ ಅಂದಿನ ಬಿಸಿಲು ತಾಳಲಾರದಷ್ಟು ಕಂಡಿತು ಎಂಬುದೂ ಅಷ್ಟೇ ಸಾಧ್ಯ. ಚಾಕೊಲೇಟು, ಚೀಸ್ ಎಂದು ತಿನಿಸುಗಳ ಮೇಲೆ ಹೊರಿಸುವ ಆರೋಪಗಳಲ್ಲಿ ಹಲವು, ನೆಪವೋ ಮುನ್ಸೂಚನೆಯೋ ಎಂಬ ಈ ಪರೀಕ್ಷೆಗೆ ನಿಲ್ಲದೇ ಹೋಗಬಹುದು.

ಈಗ ನೆಪಗಳಿಗೆ ಬರೋಣ. ಪಾಶ್ಚಾತ್ಯ ಪಠ್ಯಗಳಲ್ಲಿ ಹೆಚ್ಚು ಕಾಣದ, ನಮ್ಮ ಹೆಂಗಸರಲ್ಲಿ ತೀರ ಸಾಮಾನ್ಯವಾದ ಒಂದು ದೂರು ತಲೆಸ್ನಾನದ್ದು: ‘ತಲೆಗೆ ನೀರು ಹಾಕಿಕೊಂಡರೆ ಸಾಕು, ಸಂಜೆಗೆ ತಲೆ ಸಿಡಿಯುತ್ತೆ.’ ಮುಂಬಯಿಯ ತಲೆನೋವು ತಜ್ಞ ಕೆ. ರವಿಶಂಕರ್ ಇದನ್ನು ಗಂಭೀರವಾಗಿ ತೆಗೆದುಕೊಂಡು, ತಲೆಸ್ನಾನದಿಂದ ಮೈಗ್ರೇನ್ ಕೆರಳುತ್ತಿದ್ದ 94 ಭಾರತೀಯ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು. ಹೆಂಗಸರ ಅನುಭವಕ್ಕೆ ವೈದ್ಯಕೀಯ ಪತ್ರಿಕೆಯಲ್ಲಿ ಜಾಗ ದೊರಕಿಸಿದ ಆ ಲೇಖನಕ್ಕೆ ನಾವು ಋಣಿಗಳು. ಅದರ ಮುಂದಿನ ಹೆಜ್ಜೆಯಾಗಿ ಒಂದು ಊಹೆಯನ್ನು ಇಲ್ಲಿ ಮಂಡಿಸುತ್ತೇನೆ. ಮುಟ್ಟಿನ ಮುನ್ನ ಈಸ್ಟ್ರೊಜೆನ್ ಇಳಿಯುವುದು ಮೈಗ್ರೇನಿನ ಬಲವಾದ ಪ್ರಚೋದಕ. ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಮುಟ್ಟಿನ ಮೈಗ್ರೇನಿನ ಅವಧಿ ಸ್ರಾವಕ್ಕೆ ಎರಡು ದಿನ ಮುಂಚಿನಿಂದ ಮೂರನೆಯ ದಿನದವರೆಗೆ. ಒಂದು ದಾಳಿ 4ರಿಂದ 72 ತಾಸು ಇರುತ್ತದೆ, ಅಂದರೆ ಮೂರನೆಯ ದಿನ ಶುರುವಾದದ್ದು ನಾಲ್ಕನೆಯ ದಿನಕ್ಕೂ ಚಾಚಬಹುದು. ನಮ್ಮ ಎಷ್ಟೋ ಮನೆಗಳಲ್ಲಿ ಕಡ್ಡಾಯದ ತಲೆಸ್ನಾನ ನಾಲ್ಕನೆಯ ದಿನ ಬೆಳಿಗ್ಗೆ. ನಸುಕಿನಲ್ಲಿ ಎದ್ದು, ಖಾಲಿ ಹೊಟ್ಟೆಯಲ್ಲಿ ನೀರೆರೆದುಕೊಂಡು, ಒದ್ದೆ ಕೂದಲು ಗಂಟು ಕಟ್ಟಿ, ಪೂಜೆ ಮುಗಿಯುವತನಕ ಕಾಫಿಯನ್ನೂ ಮುಟ್ಟದೆ ಒಲೆಯ ಮುಂದೆ ನಿಲ್ಲುವ ಬೆಳಗು ಅದು. ಹಾರ್ಮೋನಿನ ಇಳಿತ, ನಿದ್ದೆಗೇಡು, ಹಸಿವು, ಕಾಫಿ ತಪ್ಪಿದ್ದು, ಅಗರಬತ್ತಿಯ ವಾಸನೆ ಇಷ್ಟೂ ಒಂದೇ ಹೊತ್ತಿಗೆ ಕೂಡಿದಾಗ ದೂರು ನೀರಿನ ಮೇಲೊಂದೇ ಬೀಳುತ್ತದೆ. ಎಲ್ಲ ತಲೆಸ್ನಾನದ ತಲೆನೋವೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಶುಕ್ರವಾರದ ಸ್ನಾನದಲ್ಲೂ ನೋವು ಬರುವವರಿದ್ದಾರೆ. ನೆಪಗಳನ್ನು ಬಿಡಿಬಿಡಿಯಾಗಿ ಕೇಳುವ ಪ್ರಶ್ನಾವಳಿ ಈ ಕೂಟವನ್ನು ಹಿಡಿಯಲಾರದು ಎಂಬುದಷ್ಟೇ ನನ್ನ ಮಾತು. ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ.

ಈ ಕೂಟವನ್ನು ಹಿಡಿಯುವ ಸಾಧನ ಮನೆಯಲ್ಲೇ ತೂಗುತ್ತಿದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಏಕಾದಶಿ, ಸಂಕಷ್ಟಿ ಮೊದಲೇ ಅಚ್ಚಾಗಿರುತ್ತವೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವ ಅದೇ ಚೌಕದಲ್ಲಿ ತಲೆನೋವಿಗೊಂದು ಗುರುತು, ಮುಟ್ಟಿಗೊಂದು, ತಲೆಸ್ನಾನಕ್ಕೊಂದು, ನುಂಗಿದ ಮಾತ್ರೆಗೊಂದು ಹಾಕುತ್ತ ಬಂದರೆ ಮೂರು ತಿಂಗಳಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಅಮಾವಾಸ್ಯೆಗೆ ತಲೆನೋವು ಬರುತ್ತದೆಂಬ ನಂಬಿಕೆಯನ್ನೂ ಅಲ್ಲೇ ಒರೆಗೆ ಹಚ್ಚಬಹುದು. ವೈದ್ಯರ ಮುಂದೆ ಸ್ಕ್ಯಾನ್ ವರದಿಗಿಂತ ಹೆಚ್ಚು ಬೆಲೆಯ ದಾಖಲೆ ಈ ಹಾಳೆ. ಮೈಗ್ರೇನ್ ಪತ್ತೆಯಾಗುವುದು ರೋಗಿಯ ಮಾತಿನಿಂದ; ಸ್ಕ್ಯಾನ್ ಬೇಕಾಗುವುದು ಬೇರೆ ಕಾಯಿಲೆಯ ಶಂಕೆ ಇದ್ದಾಗ. ಸಿಡಿಲಿನಂತೆ ಒಮ್ಮೆಗೇ ಎರಗಿದ ನೋವು, ಜ್ವರದೊಡನೆ ಕತ್ತು ಸೆಟೆದುಕೊಳ್ಳುವುದು, ಕೈಕಾಲು ಸೋಲುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪತ್ತೆ ತಪ್ಪುವ ದಾರಿಗಳೂ ನಮಗೆ ಪರಿಚಿತ. ವಾಂತಿಯಾದ ಮೇಲೆ ಹಗುರವೆನಿಸಿದರೆ ‘ಪಿತ್ತ’ ಎಂದು ಶುಂಠಿ ಕಷಾಯ; ಮೂಗು ಕಟ್ಟಿ ಕಣ್ಣಲ್ಲಿ ನೀರು ಬಂದರೆ ‘ಸೈನಸ್’ ಎಂದು ಆ್ಯಂಟಿಬಯಾಟಿಕ್. ಅಮೆರಿಕದಲ್ಲಿ ತಮಗಿರುವುದು ಸೈನಸ್ ತಲೆನೋವು ಎಂದುಕೊಂಡಿದ್ದ ಅಥವಾ ವೈದ್ಯರಿಂದ ಹಾಗೆ ಹೇಳಿಸಿಕೊಂಡಿದ್ದ 2,991 ಜನರನ್ನು ಪರೀಕ್ಷಿಸಿದ 2004ರ ಅಧ್ಯಯನದಲ್ಲಿ ಶೇ. 88 ಮಂದಿಗೆ ಇದ್ದದ್ದು ಮೈಗ್ರೇನ್ ಮಾದರಿಯ ತಲೆನೋವು.

ಇವೆರಡಕ್ಕಿಂತ ಕೆಟ್ಟದ್ದು ಮೆಡಿಕಲ್ ಶಾಪಿನ ಬಿಡಿ ಮಾತ್ರೆ. ಪ್ಯಾರಾಸಿಟಮಾಲ್‌ನಂಥ ಸರಳ ನೋವುನಿವಾರಕವನ್ನು ತಿಂಗಳಿಗೆ 15 ದಿನ, ಕೆಫೀನ್ ಬೆರೆತ ಮಿಶ್ರಣ, ಎರ್ಗೊಟಮಿನ್ ಅಥವಾ ಟ್ರಿಪ್ಟಾನನ್ನು 10 ದಿನ ಇಲ್ಲವೇ ಅದಕ್ಕಿಂತ ಹೆಚ್ಚು, ಮೂರು ತಿಂಗಳು ಮೀರಿ ನುಂಗಿದರೆ ಮಾತ್ರೆಯೇ ತಲೆನೋವು ತರಬಹುದು. ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಇಂಥ ತಲೆನೋವಿನ ಅಂದಾಜು ಪ್ರಮಾಣ ಶೇ. 1.2, ಹೆಚ್ಚಿನವರು ಹೆಂಗಸರು. ನೂರರಲ್ಲಿ ಒಬ್ಬರು ಎಂಬುದು ಸಣ್ಣ ಸಂಖ್ಯೆಯಲ್ಲ. ಎರ್ಗೊಟಮಿನ್ ಬಸಿರಿಯರಿಗೂ ಹೃದ್ರೋಗಿಗಳಿಗೂ ಅಪಾಯಕಾರಿ ಎಂಬುದು ಬಿಡಿ ಮಾತ್ರೆಯ ಹಾಳೆ ಕತ್ತರಿಸಿ ಕೊಡುವಾಗ ಯಾರ ಬಾಯಿಂದಲೂ ಬರುವುದಿಲ್ಲ. ಕಣ್ಣೆದುರು ಮಿಂಚು ಕಾಣುವ ಬಗೆಯ ಮೈಗ್ರೇನ್ ಇರುವವರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆ ನುಂಗಿದರೆ ಪಾರ್ಶ್ವವಾಯುವಿನ ಅಪಾಯ ಏರುತ್ತದೆ ಎಂಬುದನ್ನೂ ಹೇಳಬೇಕು.

ದಾರಿಗಳಿವೆ. ನೋವು ಏರುವ ಮುಂಚೆ, ಸಾಕಷ್ಟು ಪ್ರಮಾಣದಲ್ಲಿ, ವಾಂತಿ ತಡೆಯುವ ಔಷಧದೊಡನೆ ಮಾತ್ರೆ ನುಂಗುವುದು ಒಂದು. ದಾಳಿಗಳು ಪದೇಪದೇ ಬರುವವರಿಗೆ ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನರಿಜಿನ್, ಟೋಪಿರಮೇಟ್‌ನಂಥ ತಡೆ ಔಷಧಗಳಿವೆ. ಗುಣ ಕಾಣಲು ಎರಡು ಮೂರು ತಿಂಗಳು ಹಿಡಿಯುವುದರಿಂದ ಎಷ್ಟೋ ಜನ ನಡುವೆಯೇ ಬಿಟ್ಟುಬಿಡುತ್ತಾರೆ. ಮಾಮೂಲಿ ಚಿಕಿತ್ಸೆಗೆ ಯೋಗ ಸೇರಿಸಿದರೆ ದಾಳಿಗಳು ಇನ್ನಷ್ಟು ಕಡಿಮೆಯಾಗುತ್ತವೆ ಎಂದು ಬೆಂಗಳೂರಿನ 2014ರ ಅಧ್ಯಯನವೂ ದೆಹಲಿಯ ಏಮ್ಸ್‌ನ 2020ರ ಪ್ರಯೋಗವೂ ಕಂಡುಕೊಂಡಿವೆ. ಹೊತ್ತಿಗೆ ಸರಿಯಾದ ಊಟ ಮತ್ತು ನಿದ್ದೆ ಬೇಕೆನ್ನುವುದನ್ನು ರೋಗಿಗೆ ಹೇಳಿದರೆ ಸಾಲದು, ಮನೆಯವರಿಗೂ ಹೇಳಬೇಕು. ಸೊಸೆಯೊಬ್ಬಳು ತಾನಾಗಿ ಬೇಗ ಉಂಡು ಮಲಗುವಂತಿರುವ ಮನೆಗಳು ಕಡಿಮೆ.

ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ‘ಕಭಿ’ ಮಿದುಳು ಆರೋಗ್ಯ ಕಾರ್ಯಕ್ರಮ ಪಾರ್ಶ್ವವಾಯು, ಮೂರ್ಛೆರೋಗ, ಮರೆಗುಳಿತನಗಳ ಸಾಲಿನಲ್ಲಿ ತಲೆನೋವನ್ನೂ ಇಟ್ಟಿತು. ಮೊದಲ ಹಂತಕ್ಕೆ ಆರಿಸಿದ ಜಿಲ್ಲೆಗಳಲ್ಲಿ ಯಲಹಂಕದಿಂದ ಬಳ್ಳಾರಿ ರಸ್ತೆಯಲ್ಲೇ ಸಿಗುವ ಚಿಕ್ಕಬಳ್ಳಾಪುರವೂ ಇತ್ತು. ಇದು ಸರಿಯಾದ ಹೆಜ್ಜೆ. ಇನ್ನು ಬೇಕಾಗಿರುವುದು ಹೊಸ ಸಮೀಕ್ಷೆ. ಅದರಲ್ಲಿ ಪುಟ್ಟೇನಹಳ್ಳಿಯಂಥ ಊರುಗಳನ್ನು ಹಳ್ಳಿ ಅಥವಾ ನಗರ ಎಂಬ ಎರಡೇ ಮನೆಗೆ ತುಂಬದೆ ಪ್ರತ್ಯೇಕವಾಗಿ ಎಣಿಸಬೇಕು. ತಲೆಸ್ನಾನ, ಉಪವಾಸ, ಮುಟ್ಟು ಇವುಗಳ ದಿನಗಳನ್ನು ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಬೇಕು. ಪ್ರಶ್ನೆ ಕೇಳಲು ಹೋಗುವವರು ಹೆಂಗಸರಾಗಿರಬೇಕು.